ಹಗಲು ಆರೈಕೆ ಕೇಂದ್ರದ ನಿತ್ಯ ಉದ್ಘಾಟನೆ

ಮರೆವಿನ ಕಾಯಿಲೆಯವರ ಹಗಲು ಆರೈಕೆ ಕೇಂದ್ರವನ್ನು ಈವರೆಗೆ ಇನ್ನೂರಕ್ಕೂ ಹೆಚ್ಚು ಬಾರಿ ಉದ್ಘಾಟಿಸಲಾಗಿದ್ದು, ಒಮ್ಮೆಯೂ ತೆರೆಯಲಾಗಿಲ್ಲ ಎಂಬುದನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ.

ಮೊದಲ ಉದ್ಘಾಟನೆಗೆ ಒಬ್ಬ ರೋಗಿ ಬೇಕಾಗಿತ್ತು. ರೋಗಿಯೇ ಇಲ್ಲದಿದ್ದರೆ ಫೋಟೋದಲ್ಲಿ ಕೇಂದ್ರವು ಗೋದಾಮಿನಂತೆ ಕಾಣುತ್ತದೆ. ಆಗ ಅಧಿಕಾರಿಯ ಕಣ್ಣಿಗೆ ಬಿದ್ದವರು ಕಟಿಂಗ್ ಅಜ್ಜ. ಇಡೀ ಬೀದಿಯವರ ತಲೆಗೂದಲು ಕತ್ತರಿಸಿ ಬಾಳಿದವರಿಗೆ ಈಗ ಒಂದು ಮುಖವೂ ನೆನಪಿಲ್ಲ, ಸ್ವಂತ ಮಗಳದ್ದೂ ಇಲ್ಲ. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುವಾಗ ಅಪ್ಪನನ್ನು ಒಳಗಿಟ್ಟು ಬೀಗ ಹಾಕುತ್ತಿದ್ದಳು. ಅವರು ಬಾಗಿಲು ಬಡಿಯುವ ಸದ್ದು ಬೀದಿಯ ತುದಿಯವರೆಗೂ ಕೇಳಿಸುತ್ತಿತ್ತು. ಇದು ಅನ್ಯಾಯವೆಂದು ಅವಳಿಗೆ ಗೊತ್ತಿತ್ತು. ಕೆಲಸ ಬಿಟ್ಟರೆ ಒಲೆ ಉರಿಯುವುದಿಲ್ಲವೆಂದೂ ಗೊತ್ತಿತ್ತು.

"ಸಮಾರಂಭ ಎಷ್ಟು ಹೊತ್ತು ಸಾರ್?" ಎಂದು ಕೇಳಿದಳು.

"ಹತ್ತರಿಂದ ಐದು. ಭಾಷಣಗಳಿವೆಯಮ್ಮ."

"ಹಾಗಾದ್ರೆ ಖಂಡಿತ ಕರ್ಕೊಂಡು ಬರ್ತೀನಿ."

ಅಂದು ಗಣ್ಯರು ಕತ್ತರಿಗೆ ಕೈ ಚಾಚುವಷ್ಟರಲ್ಲಿ ಅಜ್ಜ ಅದನ್ನು ಎತ್ತಿಕೊಂಡಾಗಿತ್ತು. ಗಾಳಿಯಲ್ಲಿ ಎರಡು ಸಲ ಕಚಕಚ ಆಡಿಸಿ, ಬಾಗಿಲಿಗೆ ಕಟ್ಟಿದ್ದ ಟೇಪನ್ನು ಬೆರಳ ಸಂದಿಯಲ್ಲಿ ಹಿಡಿದು, "ಮುಂದೆ ಎಷ್ಟು ಬಿಡ್ಲಿ ಸ್ವಾಮಿ?" ಎಂದರು. ಗಣ್ಯರ ಬಾಯಿಂದ "ನಿಮ್ಮಿಷ್ಟ" ಎಂದಷ್ಟೇ ಹೊರಟಿತು. ಅಜ್ಜ ಕತ್ತರಿಸಿ, ಗಣ್ಯರ ಭುಜ ಕೊಡವಿ, "ಮುಂದಿನವರು ಬನ್ನಿ" ಎಂದು ಕರೆದರು. ಜನ ಚಪ್ಪಾಳೆ ತಟ್ಟಿದರು.

ಫೋಟೋ ನೋಡಿದ ಮೇಲಿನ ಕಚೇರಿಯವರು ಖುಷಿಯಾಗಿ, "ಇಂಥ ಕಾರ್ಯಕ್ರಮಗಳು ನಿರಂತರವಾಗಿ ನಡೆಯಬೇಕು" ಎಂದರು. ಮೇಲಿನವರ ಮಾತನ್ನು ಅರ್ಥ ಮಾಡಿಕೊಳ್ಳುವ ಗೋಜಿಗೆ ಹೋಗದೆ ಪಾಲಿಸಿ ಪಾಲಿಸಿಯೇ ನಮ್ಮ ಅಧಿಕಾರಿ ಈ ಕುರ್ಚಿಗೆ ಬಂದವರು. ಮರುದಿನ ಹತ್ತಕ್ಕೆ ಮತ್ತೆ ಉದ್ಘಾಟನೆ ಇಟ್ಟರು. ಅದರ ಮರುದಿನವೂ ಇಟ್ಟರು.

ಅಜ್ಜನಂತೆ ದಿನವೂ ಇದೇ ಮೊದಲ ಸಲವೆಂಬ ಉತ್ಸಾಹ ತೋರುವ ಉದ್ಘಾಟಕರು ಇಲಾಖೆಗೆ ಹಿಂದೆಂದೂ ಸಿಕ್ಕಿರಲಿಲ್ಲ. ಸುದ್ದಿ ತಿಳಿದು ಬೇರೆ ಮನೆಯವರೂ ತಮ್ಮ ಹಿರಿಯರನ್ನು ಬಾಗಿಲ ಹೊರಗಿನ ಶಾಮಿಯಾನದಲ್ಲಿ ಸಭಿಕರನ್ನಾಗಿ ತಂದು ಕೂರಿಸತೊಡಗಿದರು. ಒಬ್ಬ ನಿವೃತ್ತ ಮೇಷ್ಟ್ರು ಅದೇ ಭಾಷಣಕ್ಕೆ ದಿನವೂ ಹೊಸದಾಗಿ ತಲೆದೂಗುತ್ತಿದ್ದರು. ಭಾಷಣಕಾರರಿಗೆ ಇನ್ನೇನು ಬೇಕು? ಯಾರಾದರೂ ಎದ್ದು ಹೊರಟರೆ ಮೈಕಿನವನು "ಈಗ ನಿಮಗೇ ಸನ್ಮಾನ, ಕೂತ್ಕೊಳ್ಳಿ" ಎಂದು ಕೂರಿಸುತ್ತಿದ್ದ. ಹೊತ್ತು ಹೊತ್ತಿಗೆ ನೀರು, ಊಟ ನಡೆಯುತ್ತಿತ್ತು. ಇದನ್ನು ಆರೈಕೆ ಎಂದು ಮಾತ್ರ ಯಾರೂ ಕರೆಯಲಿಲ್ಲ, ಏಕೆಂದರೆ ಕೇಂದ್ರ ಇನ್ನೂ ತೆರೆದಿರಲಿಲ್ಲ.

ತೊಂದರೆ ಬಂದಿದ್ದು ಟೇಪಿನಿಂದ. ನಿಯಮದಂತೆ ಒಂದು ಕೇಂದ್ರಕ್ಕೆ ಒಂದೇ ಟೇಪು. ಕತ್ತರಿಸಿದ್ದನ್ನು ಗಂಟು ಹಾಕಿ ಮತ್ತೆ ಕಟ್ಟುತ್ತಿದ್ದರು. ಗಂಟು ಹೆಚ್ಚಿದಂತೆ ಟೇಪು ಗಿಡ್ಡವಾಗಿ ಬಾಗಿಲಿಗೆ ಎಟುಕದಾಯಿತು. ಹೊಸ ಟೇಪಿಗೆ ಮಂಜೂರಾತಿ ಇಲ್ಲ, ದುರಸ್ತಿಗೆ ಇದೆ. ಆದ್ದರಿಂದ ಟೇಪಿನ ಅಳತೆಗೆ ತಕ್ಕಂತೆ ಇಟ್ಟಿಗೆ ಕಟ್ಟಿ ಬಾಗಿಲನ್ನೇ ಕಿರಿದು ಮಾಡುತ್ತ ಬಂದರು. ಈಗ ಅದರಲ್ಲಿ ಮೇಕೆ ಹೋಗಬಹುದು, ಅದೂ ಮೈ ಬಳುಕಿಸಿಕೊಂಡು.

ಹೀಗೆ ಎಲ್ಲ ಸುಸೂತ್ರವಾಗಿರುವಾಗ ಮೇಲಿನ ಕಚೇರಿಯಿಂದ ಒಬ್ಬ ತಪಾಸಕರು ಬಂದರು. "ನಾಳೆಯಿಂದ ಉದ್ಘಾಟನೆ ಬಂದ್. ಕೇಂದ್ರ ತೆರೀರಿ" ಎಂದುಬಿಟ್ಟರು.

ಅಪ್ಪನನ್ನು ಬಿಟ್ಟು ಹೊರಟಿದ್ದ ಮಗಳು ತಿರುಗಿ ಬಂದಳು. "ತೆರೆದ ಮೇಲೆ ನಮ್ಮಪ್ಪನ್ನ ಸೇರಿಸ್ಕೋತೀರಾ ಸಾರ್?"

"ಧಾರಾಳವಾಗಿ. ತನಗೆ ಯಾವತ್ತಿನಿಂದ ಮರೆವು ಬಂತು ಅಂತ ರೋಗಿಯೇ ನೆನಪು ಮಾಡ್ಕೊಂಡು ಹೇಳ್ಬೇಕು, ಅಷ್ಟೇ" ಎಂದರು ತಪಾಸಕರು.

ಅವಳು ಚೀಲದಿಂದ ಬೀಗ ತೆಗೆದು ಅವರ ಮುಂದಿಟ್ಟಳು. "ಹಾಗಾದ್ರೆ ನಾಳೆ ನಮ್ಮನೆಗೆ ಇದನ್ನ ನೀವೇ ಹಾಕಿ ಸಾರ್. ಅವರು ಒಳಗಿಂದ ಬಾಗಿಲು ಬಡೀತಿರ್ತಾರೆ. ಕೇಳಿಸ್ಕೊಂಡು ಬೀದಿ ತುದಿವರೆಗೆ ನಡೀರಿ, ಸಾಕು."

ತಪಾಸಕರು ಬೀಗವನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಅಜ್ಜ ಅವರ ಕೊರಳಿಗೆ ಟವೆಲ್ ಸುತ್ತಿ, "ಬಹಳ ದಿನ ಆಯ್ತಲ್ಲ ಸ್ವಾಮಿ ಬಂದು" ಎಂದು ಕೆಲಸ ಶುರು ಮಾಡಿದ್ದರು. ಕ್ರಾಪು ಮುಗಿದ ಮೇಲೆ ತಪಾಸಕರು ಕೇಂದ್ರದ ಒಳಗನ್ನು ನೋಡಲು ಎದ್ದರು. ತಲೆ ತೂರಿತು, ಹೊಟ್ಟೆ ತೂರಲಿಲ್ಲ. ನಾಲ್ವರು ಹಿಡಿದೆಳೆದು ಹೊರಗೆ ತೆಗೆದ ಮೇಲೆ ಅವರು ಗಂಭೀರವಾಗಿ ಘೋಷಿಸಿದರು: "ಒಳಗೆ ಹೋಗಲು ಸಾಧ್ಯವಿಲ್ಲದ್ದರಿಂದ ಒಳಗೆ ಯಾವ ದೋಷವೂ ಕಂಡುಬಂದಿಲ್ಲ. ಉದ್ಘಾಟನೆ ಮುಂದುವರಿಯಲಿ." ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಸಂಜೆ ಐದಕ್ಕೆ ಮಗಳು ಕರೆದೊಯ್ಯಲು ಬಂದಾಗ ಅಜ್ಜ ಕತ್ತರಿ ಒರೆಸುತ್ತಿದ್ದರು. ಅವಳನ್ನು ಒಂದು ಗಳಿಗೆ ದಿಟ್ಟಿಸಿದರು.

"ಏನಮ್ಮ, ಮನೇಲಿ ವಯಸ್ಸಾದ ಅಪ್ಪ ಇದ್ದಾರಾ?"

"ಇದ್ದಾರೆ."

"ಬೀಗ ಹಾಕಿ ಇಡ್ಬೇಡ, ಪಾಪ. ಇಲ್ಲಿಗೆ ಕರ್ಕೊಂಡು ಬಾ. ನಾಳೆಯಿಂದ ಹೊಸದಾಗಿ ಶುರುವಾಗುತ್ತಂತೆ."

"ಕರ್ಕೊಂಡು ಬರ್ತೀನಪ್ಪ" ಎಂದು ಅವಳು ಅವರ ಕೈ ಹಿಡಿದುಕೊಂಡಳು.

ನಾಳೆ ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ. ಸರ್ವರಿಗೂ ಸ್ವಾಗತ.