ಅತಿ ಕಡಿಮೆ ಅಂಕದ ಮನೆ

ಇನ್ನೊಬ್ಬರ ಬಡತನ ಅಳೆಯಲು ಹೊರಟವರು ನಗೆಪಾಟಲಾಗುವುದು ತಪ್ಪಿದ್ದಲ್ಲ. ಮಸ್ಕತ್ತಿನಲ್ಲಿ ನನಗದು ವರ್ಷಕ್ಕೊಮ್ಮೆ ಆಗುತ್ತಲೇ ಇರುತ್ತದೆ. ನಮ್ಮ ಕನ್ನಡಿಗರ ಗುಂಪು ಪ್ರತಿ ವರ್ಷ ಒಂದೇ ಒಂದು ಮಗುವಿನ ಶಾಲಾ ಫೀಸು ಕಟ್ಟುತ್ತದೆ. ಅರ್ಜಿ ಹಾಕಿದವರಲ್ಲಿ ಯಾರು ಹೆಚ್ಚು ಬಡವರೆಂದು ಮನೆಗೇ ಹೋಗಿ ನೋಡಿಬರುವುದು ನನ್ನ ಕೆಲಸ. ಶಿಸ್ತಿನವಳೆಂದು ಹೆಸರಿದೆ, ಅದಕ್ಕೆ.

೧. ಫಾರಂ

ಈ ವರ್ಷ ನಮ್ಮ ಇಂಜಿನಿಯರ್ ಸದಸ್ಯರು ಎಲ್ಲಿಂದಲೋ ಒಂದು ಫಾರಂ ತಂದರು. ಮುಂದುವರಿಯುತ್ತಿರುವ ದೇಶಗಳಲ್ಲೆಲ್ಲ ಬಡತನವನ್ನು ಹೀಗೇ ಅಳೆಯುತ್ತಾರಂತೆ. ಮನೆಯೊಳಗೆ ಕಂಡ ಒಂದೊಂದು ಬೆಲೆಬಾಳುವ ವಸ್ತುವಿಗೂ ಒಂದು ಅಂಕ. ಅತಿ ಕಡಿಮೆ ಅಂಕದ ಮನೆಗೆ ಸಹಾಯ.

ರೂವಿ ಬಡಾವಣೆಯ ಮೊದಲ ಮನೆಯಲ್ಲಿ, ಗೋಡೆ ಮಣ್ಣಿನದೇ, ಬಾವಿ ಎಷ್ಟು ದೂರ ಎಂದು ಫಾರಂನಲ್ಲಿದ್ದಂತೆಯೇ ಗಂಭೀರವಾಗಿ ಕೇಳಿದೆ. ಅದು ನಾಲ್ಕನೇ ಮಹಡಿ. ಏಸಿಗೆ ಅಂಕ ಹಾಕುವಾಗ ಆ ಮನೆಯವರು, ಅದು ಕಟ್ಟಡದ ಮಾಲೀಕನದು ಎಂದರು. ಕಂಡದ್ದಕ್ಕೆಲ್ಲ ಅಂಕ ಎಂದೆ.

"ಹಾಗಾದ್ರೆ ಜೂನ್ ತಿಂಗಳಲ್ಲಿ ಏಸಿ ಕಳಚಿಟ್ಟು ಕರೀತೀನಿ ಮೇಡಂ. ಬದುಕಿದ್ರೆ ಬಡವನಾಗ್ತೀನಿ."

೨. ಚಾಪೆ

ದಾರ್ಸೈಟಿನ ಅರ್ಜಿದಾರರಿಗೆ ಒಳ್ಳೆಯ ಕೆಲಸವಿದೆಯೆಂದು ಎಲ್ಲರಿಗೂ ಗೊತ್ತು. ಆದರೆ ನಡುಮನೆಯಲ್ಲಿ ಇದ್ದದ್ದು ಒಂದು ಚಾಪೆ ಮಾತ್ರ. ಗೋಡೆಯಲ್ಲಿ ಟೀವಿಯಷ್ಟಗಲ ಬಣ್ಣ ಮಾಸಿರಲಿಲ್ಲ. ಅವರ ಪುಟ್ಟ ಮಗಳು ಇಂಗ್ಲಿಷಿನಲ್ಲಿ ನನಗೆ ಸಮಾಧಾನ ಹೇಳಿದಳು: ಸೋಫಾ ಕೆಳಗಿನ ಅಂಕಲ್ ಮನೆಯಲ್ಲಿದೆ, ನೀವು ಹೋದ ಕೂಡಲೇ ವಾಪಸ್ ಬರುತ್ತದೆ. ತಾಯಿ ಕೆಮ್ಮಿದರು.

ಕಂಡದ್ದನ್ನಷ್ಟೇ ಬರೆಯಬೇಕು. ಏಸಿ, ಫ್ರಿಜ್, ಎರಡು ಅಂಕ. ಮಸ್ಕತ್ತಿನ ಆ ಕಡುಬಡವರು ತಮ್ಮ ಕಾರಿನಲ್ಲೇ ನನ್ನನ್ನು ಮನೆಗೆ ಬಿಟ್ಟರು.

೩. ಸೋಫಾ

ಕೊನೆಯ ಮನೆ ಅಲ್ ಅಮೇರಾತಿನಲ್ಲಿ. ಉಡುಪಿ ಕಡೆಯ ಹೆಂಗಸು. ಗಂಡನ ಕೆಲಸ ಹೋಗಿ ಎಂಟು ತಿಂಗಳಾಗಿತ್ತು. ಫೀಸು ಕಟ್ಟದಿದ್ದರೆ ಮಗಳು ಹತ್ತನೇ ತರಗತಿಯನ್ನು ಅರ್ಧಕ್ಕೇ ಬಿಡಬೇಕು. ಒಳಗೆ ಹೋದರೆ ವೆಲ್ವೆಟ್ ಸೋಫಾ, ಕಾರ್ಪೆಟ್, ಬಂಗಾರದ ಅಂಚಿನ ಕಪ್ಪುಗಳು, ಇನ್ನೂ ಏನೇನೋ. ಬೇಸರದಿಂದಲೇ ಹತ್ತು ಅಂಕ ಬರೆದೆ.

ಟೀ ಅರ್ಧ ಕುಡಿದಿರಲಿಲ್ಲ, ಪಕ್ಕದ ಮನೆಯಾಕೆ ಬಂದು ನಿಂತರು. ಅವರ ಮನೆಗೂ ನೆಂಟರು ಬಂದಿದ್ದರಂತೆ. ಸ್ವಲ್ಪ ಏಳುತ್ತೀರಾ ಎಂದು ನನ್ನನ್ನು ಕೇಳಿದರು. ಎದ್ದೆ. ಸೋಫಾ ಹೋಯಿತು. ಹಿಂದೆಯೇ ಕಾರ್ಪೆಟ್ಟಿನವರು, ಉಳಿದ ಸಾಮಾನಿನವರು ಬಂದರು. ಕಪ್ಪುಗಳ ಒಡತಿ ಸಭ್ಯಸ್ಥೆ. ನಾನು ಕುಡಿದು ಮುಗಿಸುವ ತನಕ ಕಾದರು.

ಫೀಸು ಬೇಕಾದವರು ಹೀಗೆ ಎರವಲು ತಂದಿಡುವುದೇ ಎಂದು ಮನೆಯಾಕೆಯನ್ನು ಗದರಿದೆ.

"ಎಂತ ಮಾಡುದು ಮೇಡಂ, ನಿಮ್ಮನ್ನು ನೆಲದಲ್ಲಿ ಕೂತ್ಕೊಳ್ಳಿ ಅಂತ ಹೇಳ್ಲಿಕ್ಕೆ ಆಗ್ತದಾ?"

ಫಾರಮನ್ನು ಗೋಡೆಗೆ ಒತ್ತಿ ಹಿಡಿದು, ಒಂಬತ್ತು ಅಂಕಗಳನ್ನು ಸ್ಕೇಲಿಟ್ಟು ನೇರವಾಗಿ ಹೊಡೆದುಹಾಕಿದೆ. ಉಳಿದದ್ದು ಏಸಿಯ ಒಂದೇ ಅಂಕ.

ಸಭೆಯಲ್ಲಿ ಇಂಜಿನಿಯರರು ಅದನ್ನು ಬದಿಗಿಟ್ಟರು. ಹೊಡೆದು ತಿದ್ದಿದ ಯಾವ ಫಾರಮ್ಮೂ ರದ್ದು ಎಂದು ನಮ್ಮ ಗುಂಪಿನಲ್ಲಿ ಹಳೆಯ ನಿಯಮವಿದೆಯಂತೆ. ಫೀಸು ದಾರ್ಸೈಟಿಗೆ ಹೋಯಿತು. ಅಮೇರಾತಿನ ಹುಡುಗಿ ಮನೆಯಲ್ಲಿ ಕುಳಿತಳು. ಇಂಥ ಮೂರ್ಖ ನಿಯಮ ಮಾಡಿದವರು ಯಾರು ಎಂದು ಮೇಜು ಕುಟ್ಟಿ ಕೇಳಿದೆ. ಅವರು ಹಳೆಯ ನಡಾವಳಿ ಪುಸ್ತಕ ತೆರೆದು ನನ್ನ ಮುಂದಿಟ್ಟರು. ನಿಯಮವಿದ್ದದ್ದು ಕನ್ವೆಂಟಿನಲ್ಲಿ ಸಿಸ್ಟರ್ ನನ್ನ ಕೈಯಲ್ಲಿ ತಿದ್ದಿಸಿದ ದುಂಡನೆಯ ಅಕ್ಷರದಲ್ಲಿ. ಕೆಳಗೆ ನನ್ನದೇ ಸಹಿ.