ಭಾನುವಾರದೊಳಗೆ ಕಂಪ್ಯೂಟರ್ ಏಳಬೇಕು

ಮನೆಗೆ ಮುಖ್ಯವಾದ ನೆಂಟರು ಬರುವ ಸುದ್ದಿ ಯಂತ್ರಗಳಿಗೆ ಹೇಗೋ ಗೊತ್ತಾಗಿಬಿಡುತ್ತದೆ. ಮೈದುನನ ನಿಶ್ಚಿತಾರ್ಥದ ಹಿಂದಿನ ದಿನ ನಮ್ಮ ಮಿಕ್ಸಿ ಸುಟ್ಟಿತು. ನಾದಿನಿಯ ಸೀಮಂತದ ದಿನ ಬೋರಿನ ಮೋಟಾರು ನಿಂತಿತು. ಮನೆಯಲ್ಲಿ ಏನು ಕೆಟ್ಟಿತು, ಯಾರು ಬಂದು ಏನು ಮಾಡಿದರು ಎಂದು ಬರೆದಿಡುವುದು ನನ್ನ ಅಭ್ಯಾಸ. ನಾನು ಬಿ.ಎಸ್ಸಿ. ಓದಿದವಳು, ನಮ್ಮ ಕಾಲದಲ್ಲಿ ಪ್ರಯೋಗ ಮಾಡಿದ ಮೇಲೆ ರೆಕಾರ್ಡ್ ಬರೆಯದಿದ್ದರೆ ಲ್ಯಾಬಿನಿಂದ ಹೊರಗೆ ಬಿಡುತ್ತಿರಲಿಲ್ಲ. ಹಾಗಾಗಿ ಮುಂದೆ ಹೇಳುವುದರಲ್ಲಿ ಉಪ್ಪುಖಾರ ಹಚ್ಚಿದ್ದು ಕಡಿಮೆ.

ಆಗ ದಾವಣಗೆರೆಯಲ್ಲಿ ಮನೆಗೆ ಕಂಪ್ಯೂಟರ್ ತರಿಸಿದವರು ಅಪರೂಪ. ನಮ್ಮ ಬೀದಿಗೆ ನಮ್ಮದೇ ಮೊದಲು. ಮಗಳು ಡಿಗ್ರಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದಳು, ನಾನೇ ಹಟ ಹಿಡಿದು ತರಿಸಿದ್ದೆ. ಅವಳ ಓದು ಮುಗಿಯುತ್ತಿದ್ದಂತೆ ಹರಿಹರದಿಂದ ಒಂದು ಸಂಬಂಧ ಬಂತು. ಹುಡುಗ ಕಂಪ್ಯೂಟರ್ ಡಿಪ್ಲೊಮಾ ಮಾಡಿ, ತಂದೆಯ ಅಕ್ಕಿ ಗಿರಣಿ ನೋಡಿಕೊಳ್ಳುತ್ತಿದ್ದ. ಮನೆತನ ನಮಗೆಲ್ಲ ಒಪ್ಪಿತ್ತು. ಹುಡುಗನ ತಾಯಿ ಫೋನ್ ಮಾಡಿ, ತಾವು ಹುಡುಗಿಯಿಂದ ಹಾಡು ಹೇಳಿಸುವ ಕಾಲದವರಲ್ಲ, ಕಂಪ್ಯೂಟರ್ ನಡೆಸಿ ತೋರಿಸಿದರೆ ಸಾಕು ಎಂದರು. ಅದಕ್ಕೇನಂತೆ, ನೀರು ಕುಡಿದಷ್ಟು ಸಲೀಸಾಗಿ ನಡೆಸುತ್ತಾಳೆ, ಮುಂದಿನ ವಾರ ಬಿಟ್ಟು ಆಚೆ ಭಾನುವಾರ ಬನ್ನಿ ಎಂದೆ. ಫೋನಿಟ್ಟು ಒಳಗೆ ಹೋದರೆ ಕಂಪ್ಯೂಟರ್ ಏಳಲಿಲ್ಲ.

ವಾಪಸ್ ಕೊಟ್ಟ ದೇವರು

ಪರದೆಯ ಮೇಲೆ ಒಂದು ಇಂಗ್ಲಿಷ್ ಸಾಲು ಬಂದು ನಿಂತಿತ್ತು. ಫ್ಲಾಪಿ ಎಂಬ ಚಪ್ಪಟೆ ಡಿಸ್ಕು ಹಾಕುವ ಡ್ರೈವು ಕೆಟ್ಟಿದೆ ಎಂಬುದು ಅದರ ದೂರು. ಮಗಳು ಫ್ಲಾಪಿ ತೂರಿಸುವ ಸಂದಿಗೆ ಟಾರ್ಚು ಬಿಟ್ಟು ನೋಡಿದಳು. ಒಳಗೇನೋ ಮಿಂಚಿತು. ಪೆಟ್ಟಿಗೆಯ ವೈರು ಬಿಚ್ಚಿ, ಬೋರಲು ಹಾಕಿ, ಮೆಲ್ಲಗೆ ತಟ್ಟಿದೆವು. ಠಣ್ ಎಂದು ಒಂದು ನಾಣ್ಯ ನೆಲಕ್ಕೆ ಬಿತ್ತು.

ಎಲ್ಲರೂ ನಮ್ಮ ಅತ್ತೆಯ ಕಡೆ ನೋಡಿದೆವು. ಅತ್ತೆ ದಿನಾ ಸ್ನಾನ ಮಾಡಿ ಹೊಸ್ತಿಲು, ಫ್ರಿಜ್ಜು, ಟೀವಿ ಎಲ್ಲಕ್ಕೂ ಮೂರು ಬೆರಳಿನಲ್ಲಿ ವಿಭೂತಿ ಎಳೆಯುವವರು. ಕಂಪ್ಯೂಟರ್ ಬಂದ ದಿನದಿಂದ ಅದಕ್ಕೂ ಎಳೆಯುತ್ತಿದ್ದರು. ಅವರ ಮುಖದಲ್ಲಿ ಅಳುಕೇ ಇರಲಿಲ್ಲ. ಹುಂಡಿಯ ಹಾಗೆ ಸಂದಿ ಇತ್ತು, ಮೊಮ್ಮಗಳಿಗೆ ಈ ಸಂಬಂಧ ಕೂಡಿ ಬರಲಿ ಎಂದು ಕಾಣಿಕೆ ಹಾಕಿದೆ ಎಂದರು.

ಅದು ಹುಂಡಿಯಲ್ಲ, ಒಳಗೆ ಓದುವ ಯಂತ್ರವಿದೆ ಎಂದು ನಾನು ಬಿಡಿಸಿ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು. ನಾಣ್ಯವನ್ನು ಸೆರಗಿನಲ್ಲಿ ಒರೆಸಿ ನೋಡಿದರು.

“ಎಷ್ಟು ದೇವ್ರಿಗೆ ಕಾಣಿಕೆ ಹಾಕೀನಿ ತಾಯಿ. ಹಾಕಿದ್ದನ್ನ ವಾಪಸ್ ಕೊಟ್ಟ ದೇವ್ರು ಇದೊಂದೇ ನೋಡು” ಎಂದವರೇ, ಅವತ್ತಿನಿಂದ ವಿಭೂತಿಯ ಜೊತೆಗೆ ಒಂದು ಹೂವನ್ನೂ ಏರಿಸತೊಡಗಿದರು.

ಎಡಕ್ಕೆ ವಾಲಿಸಿ

ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ಸ್ವಿಚ್ ಒತ್ತಿದರೆ ಕುಂಯ್ ಕುಂಯ್ ಎಂದು ಕೂಗಿ ಸುಮ್ಮನಾಯಿತು. ಪರದೆ ಕಪ್ಪು.

ನಮ್ಮ ಯಜಮಾನರದು ಹತ್ತಿ ವ್ಯಾಪಾರ. ಅವರಿಗೊಂದು ಹಳೆಯ ಸ್ಕೂಟರಿತ್ತು. ಬೆಳಿಗ್ಗೆ ಮಂಡಿಗೆ ಹೊರಡುವ ಮೊದಲು ಅದನ್ನು ಎಡಕ್ಕೆ ವಾಲಿಸಿ, ಪೆಟ್ರೋಲು ಇಳಿಯುವವರೆಗೂ ಮಗುವನ್ನು ಎತ್ತಿಕೊಂಡವರಂತೆ ಹಿಡಿದು ನಿಲ್ಲುತ್ತಿದ್ದರು. ಆಮೇಲೆ ಒಂದು ಒದೆ ಕೊಟ್ಟರೆ ಚಾಲೂ ಆಗುತ್ತಿತ್ತು. ಅಂದು ನಮ್ಮ ಪೇಚಾಟ ನೋಡಲಾರದೆ, ನಮ್ಮನ್ನು ಪಕ್ಕಕ್ಕೆ ಸರಿಸಿ, ಕಂಪ್ಯೂಟರ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿ ಎಡಕ್ಕೆ ವಾಲಿಸಿದರು. ಸ್ವಲ್ಪ ಹೊತ್ತು ಹಾಗೇ ಇದ್ದು, ನೆಟ್ಟಗೆ ಮಾಡಿ ಸ್ವಿಚ್ ಒತ್ತಿದರು.

ಎದ್ದು ಕೂತಿತು.

ನಾನು ಓದಿದ ಭೌತಶಾಸ್ತ್ರವೆಲ್ಲ ಒಂದು ಕ್ಷಣ ಮಂಕಾಯಿತು. ಯಜಮಾನರು ಮಾತ್ರ ಅಂದಿನಿಂದ ಬೆಳಿಗ್ಗೆ ಎರಡನ್ನೂ ವಾಲಿಸತೊಡಗಿದರು, ಮೊದಲು ಕಂಪ್ಯೂಟರ್, ಆಮೇಲೆ ಸ್ಕೂಟರ್. ವಾಲಿಸಿ ವಾಲಿಸಿ ಒಂದು ದಿನ ಕಂಪ್ಯೂಟರ್ ಪೂರ್ತಿ ಮೂಕವಾಯಿತು. ಕಂಪ್ಯೂಟರ್ ಮೆಕ್ಯಾನಿಕ್‌ಗೆ ಹೇಳಿ ಕಳಿಸಿದೆವು. ಅವನು ಪೆಟ್ಟಿಗೆ ಬಿಚ್ಚಿದ. ಒಳಗೊಂದು ಕಾರ್ಡು ಗೂಡಿನಿಂದ ಕಿತ್ತು ಬಂದಿತ್ತು. ಅದನ್ನು ಒತ್ತಿ ಕೂರಿಸಿ, ಮೊದಲೇ ಸಡಿಲವಿದ್ದಿರಬೇಕು, ಆದರೆ ಇದನ್ನು ಯಾರೋ ಅಲ್ಲಾಡಿಸಿದ್ದಾರೆ, ಯಾರು ಎಂದು ಕೇಳಿದ. ನಮ್ಮ ಯಜಮಾನರು ಪೇಪರು ಅಗಲವಾಗಿ ಬಿಡಿಸಿ ಅದರ ಹಿಂದೆ ಮರೆಯಾದರು.

ಮೆಕ್ಯಾನಿಕ್ ಹೊರಗೆ ಹೋದ. ಬೀದಿಯಿಂದ ಅವನ ಸ್ಕೂಟರ್ ಒದೆಯುವ ಸದ್ದು ಬರತೊಡಗಿತು. ಒದ್ದ, ಒದ್ದ, ಒದೆಯುತ್ತಲೇ ಇದ್ದ. ಯಜಮಾನರು ಪೇಪರು ಮಡಚಿಟ್ಟು ಗೇಟಿನ ಹತ್ತಿರ ಹೋಗಿ, “ಎಡಕ್ಕೆ ವಾಲಿಸ್ರಿ” ಎಂದರು. ವಾಲಿಸಿದ. ಚಾಲೂ ಆಯಿತು.

ಒಳಗೆ ಬಂದವರೇ ನನಗೆ, “ತನ್ನ ಗಾಡಿ ಚಾಲೂ ಮಾಡಾಕ ಬರಲ್ಲ, ನನಗೆ ಬುದ್ಧಿ ಹೇಳಾಕ ಬಂದಾನೆ” ಎಂದರು.

ನರ್ಗಿಸ್ ಮಂಡಕ್ಕಿ

ಭಾನುವಾರ ಹತ್ತಿರ ಬರುತ್ತಿತ್ತು. ಈಗ ಹೊಸ ದೂರು: ಕಂಪ್ಯೂಟರ್ ಅರ್ಧ ಎದ್ದು, ಕೀಬೋರ್ಡಿನಲ್ಲಿ ದೋಷವಿದೆ ಎಂದು ಹೇಳಿ ನಿಂತುಬಿಡುತ್ತಿತ್ತು. ಜೊತೆಗೆ ಯಾರೋ ಒಂದೇ ಕೀಲಿಯನ್ನು ಅದುಮಿ ಹಿಡಿದಂತೆ ಕಿರುಚುತ್ತಿತ್ತು. ಮತ್ತೆ ಅದೇ ಮೆಕ್ಯಾನಿಕ್ ಬಂದ. ಕೀಬೋರ್ಡನ್ನು ಹಳೆಯ ಪೇಪರಿನ ಮೇಲೆ ತಲೆಕೆಳಗು ಮಾಡಿ ಕೊಡವಿದ. ಮಂಡಕ್ಕಿ ಉದುರಿತು. ಹಿಂದೆಯೇ ಎರಡು ಶೇಂಗಾ, ಒಂದು ಕರಿಬೇವಿನ ಎಲೆ.

ಅವನು ಮಗಳ ಕಡೆ ತಿರುಗಿ ಉಪದೇಶ ಆರಂಭಿಸಿದ. ಈ ಯಂತ್ರದ ಹತ್ತಿರ ಕೂತು ತಿನ್ನುವುದು ದೊಡ್ಡ ತಪ್ಪು, ಓದಿದವರ ಮನೆಯಲ್ಲೇ ಹೀಗಾದರೆ ಹೇಗೆ ಎಂದ. ಮಗಳು ತಾನಲ್ಲ ಎಂದಳು. ಅತ್ತೆಗೆ ಹಲ್ಲಿಲ್ಲ, ಯಜಮಾನರಿಗೆ ಶೇಂಗಾ ಪಿತ್ತ. ನಾನು ಆ ಮಂಡಕ್ಕಿಯನ್ನು ಬೆಳಕಿಗೆ ಹಿಡಿದು ನೋಡಿದೆ. ನಮ್ಮ ಮನೆಯಲ್ಲಿ ಮಾಡುವುದು ಬೆಳ್ಳುಳ್ಳಿ ಒಗ್ಗರಣೆಯ ಮಂಡಕ್ಕಿ. ಇದು ಅಂಗಡಿಯ ನರ್ಗಿಸ್ ಮಂಡಕ್ಕಿ. ಯಾರು ಬಂದಾಗ ಏನು ಕೊಟ್ಟೆ ಎಂಬುದು ನನಗೆ ಬರೆದಿಡದೆಯೂ ನೆನಪಿರುತ್ತದೆ. ಆ ತಿಂಗಳು ಅಂಗಡಿಯಿಂದ ನರ್ಗಿಸ್ ಮಂಡಕ್ಕಿ ತರಿಸಿದ್ದು ಒಬ್ಬರಿಗಾಗಿ ಮಾತ್ರ, ಅವರು ತಟ್ಟೆ ಇಟ್ಟುಕೊಂಡು ತಿಂದದ್ದೂ ಕೀಬೋರ್ಡಿನ ಮೇಲೆಯೇ.

“ಹೋದ ಸಲ ನೀವು ಬಂದಾಗ ಕೊಟ್ಟಿದ್ದೆನಲ್ಲ, ಅದೇ ಇದು” ಎಂದೆ.

ಅವನು ಒಂದು ಕಾಳು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, “ಹೌದ್ರಿ, ಇದ ಇತ್ತು. ಇನ್ನೂ ಐತೇನ್ರಿ?” ಎಂದ.

ಹರಿಹರಕ್ಕೆ ಸವಾರಿ

ಶುಕ್ರವಾರ ಬೆಳಿಗ್ಗೆ ಕಂಪ್ಯೂಟರಿನ ಜೀವ ಪೂರ್ತಿ ಹೋಯಿತು. ದೀಪವಿಲ್ಲ, ಫ್ಯಾನಿಲ್ಲ, ಸದ್ದಿಲ್ಲ. ಮೆಕ್ಯಾನಿಕ್ ಮಲೆಬೆನ್ನೂರಿಗೆ ನೆಂಟರ ಮದುವೆಗೆ ಹೋಗಿದ್ದ. ನಮ್ಮಣ್ಣ ಹರಿಹರದಲ್ಲಿ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದ. ನಾನು ತಡಮಾಡಲಿಲ್ಲ. ಪೆಟ್ಟಿಗೆಯನ್ನು ಹಾಸಿಗೆಯ ಚಾದರದಲ್ಲಿ ಗಂಟು ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ.

ಪಕ್ಕದ ಸೀಟಿಗೆ ಬಂದು ಕೂತವರು ಹುಡುಗನ ತಂದೆ. ಜಾತಕ ತೋರಿಸಲು ಒಮ್ಮೆ ಮನೆಗೆ ಬಂದಿದ್ದರು, ಹಾಗಾಗಿ ಗುರುತು. ಗಿರಣಿ ಕೆಲಸಕ್ಕೆ ದಾವಣಗೆರೆಗೆ ಬಂದು ಹಿಂದಿರುಗುತ್ತಿದ್ದರು. ಇದೇನು ಗಂಟು ಎಂದು ಕೇಳಿದರು. ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಕಂಪ್ಯೂಟರ್ ಎಂದೆ. ಏನಾಗಿದೆ ಎಂದರು. “ಏನೂ ಆಗಬಾರದು ಅಂತಾನೇ ಒಯ್ತಿದೀನಿ” ಎಂದೆ. ಅವರಿಗೆ ಬಹಳ ಮೆಚ್ಚುಗೆಯಾಯಿತು. ತಮ್ಮ ಗಿರಣಿಯಲ್ಲಿ ಯಂತ್ರ ನಿಲ್ಲುವವರೆಗೂ ಯಾರೂ ತಿರುಗಿ ನೋಡುವುದಿಲ್ಲ, ಮನೆ ನಡೆಸುವುದೆಂದರೆ ಹೀಗೆ ಎಂದು ಹೊಗಳಿ, ಗಂಟನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಹರಿಹರದವರೆಗೂ ಹಿಡಿದು ಕೂತರು.

ಅಣ್ಣನ ಮನೆಯಲ್ಲಿ ಪ್ಲಗ್ಗು ಚುಚ್ಚಿದ ಕೂಡಲೇ ದೀಪ ಹತ್ತಿತು, ಫ್ಯಾನು ತಿರುಗಿತು. ಅಣ್ಣ ನನ್ನ ಮುಖ ನೋಡಿದ. ನಾನು ಊಟ ಮಾಡಿಕೊಂಡು, ಗಂಟು ಹೊತ್ತು ವಾಪಸ್ ಬಂದೆ. ಮನೆಯಲ್ಲಿ ಪ್ಲಗ್ಗು ಚುಚ್ಚಿದರೆ ಮತ್ತೆ ಹೆಣ. ಅಣ್ಣನಿಗೆ ಫೋನ್ ಮಾಡಿದೆ. ಅದೇ ಪ್ಲಗ್ ಪಾಯಿಂಟಿಗೆ ಇಸ್ತ್ರಿಪೆಟ್ಟಿಗೆ ಹಾಕಿ ನೋಡು ಎಂದ. ಹಾಕಿದೆ. ಅದೂ ಬಿಸಿಯಾಗಲಿಲ್ಲ. ಗೋಡೆಯಲ್ಲಿದ್ದ ಪ್ಲಗ್ ಪಾಯಿಂಟೇ ಸುಟ್ಟಿತ್ತು.

“ಮುಂದಿನ ಸಲ ಪೆಟ್ಟಿಗೆ ಬಿಟ್ಟು ಗೋಡೆ ತಗೊಂಡ್ ಬಾರವ್ವ” ಎಂದ ಅಣ್ಣ.

ಹಾಡಿನ ಬದಲು

ಶನಿವಾರ ಪ್ಲಗ್ ಪಾಯಿಂಟು ಬದಲಾಯಿತು, ಕಂಪ್ಯೂಟರ್ ಎದ್ದಿತು. ಭಾನುವಾರ ಬೆಳಿಗ್ಗೆಯೂ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಹುಡುಗ, ಅವನ ತಂದೆ, ತಾಯಿ ಬಂದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಮಗಳು ಬಂದು ಶರಣು ಹೇಳಿ ಕೂತಳು. ಹುಡುಗನ ತಾಯಿ, “ಎಲ್ಲಿ, ಒಂಚೂರು ಚಾಲೂ ಮಾಡು ನೋಡಣ” ಎಂದರು.

ಮಗಳು ಸ್ವಿಚ್ ಒತ್ತಿದಳು. ಪೆಟ್ಟಿಗೆಯ ದೀಪ ಹತ್ತಿತು, ಫ್ಯಾನು ತಿರುಗಿತು. ಪರದೆ ಮಾತ್ರ ಅಮಾವಾಸ್ಯೆ.

ಬಿಸಿಯಾಗಲು ಸ್ವಲ್ಪ ಹೊತ್ತು ಬೇಕು ಎಂದು ನಾನು ಧೈರ್ಯವಾಗಿ ಹೇಳಿದೆ. ಎಲ್ಲರೂ ಕಾದರು. ಯಜಮಾನರು ಅಂಗಿಯ ತೋಳು ಮಡಚಿಕೊಂಡು ಏಳತೊಡಗಿದ್ದರು, ಕಣ್ಣಲ್ಲೇ ಕೂರಿಸಿದೆ. ಆಗ ಹುಡುಗನ ತಾಯಿ, ಡಿಪ್ಲೊಮಾ ಮಾಡಿದವನು ನೀನಿದ್ದೀಯಲ್ಲ, ನೋಡಬಾರದೇ ಎಂದು ಮಗನನ್ನು ಎಬ್ಬಿಸಿದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಅವನು ಮೇಜಿನ ಕೆಳಗೆ ತೂರಿದ. ಹೆಣ್ಣು ನೋಡಲು ಬಂದ ಹುಡುಗನ ಪಾದಗಳನ್ನಷ್ಟೇ ನಾವೆಲ್ಲ ನೋಡುತ್ತ ಕೂತೆವು. ಎಲ್ಲ ವೈರು ಕಿತ್ತು, ಎಲ್ಲ ವೈರು ಚುಚ್ಚಿ, ತಲೆಯ ತುಂಬ ಜೇಡರಬಲೆ ಹೊತ್ತು ಹೊರಬಂದ. ಇಡೀ ಮನೆಯಲ್ಲಿ ನಾನು ಗುಡಿಸದೆ ಬಿಟ್ಟಿದ್ದು ಅದೊಂದೇ ಜಾಗ.

“ಹಾರ್ಡ್ ಡಿಸ್ಕ್ ಹೋಗೈತ್ರಿ” ಎಂದ.

ಅವನ ತಾಯಿ, ದೊಡ್ಡ ಡಾಕ್ಟರು ಸಾವಿನ ಸುದ್ದಿ ಹೇಳಿದಾಗ ಕಾಂಪೌಂಡರು ನೋಡುವಂತೆ ನಮ್ಮನ್ನು ನೋಡಿದರು. ಮಗಳು ಕಾಫಿ ಲೋಟ ಎತ್ತುವ ನೆಪದಲ್ಲಿ ನನ್ನ ಕಿವಿಯ ಹತ್ತಿರ ಬಂದಳು. ಡಿಸ್ಕಿಗೆ ಏನೂ ಆಗಿಲ್ಲವಂತೆ. ಅವರು ಬರುವ ಮುಂಚೆ ಅಜ್ಜಿ ಒದ್ದೆ ಬಟ್ಟೆಯಲ್ಲಿ ಪರದೆ ಒರೆಸಿದ್ದರಂತೆ. ಪರದೆಯ ಬುಡದಲ್ಲಿ ಬೆಳಕು ಹೆಚ್ಚು ಕಡಿಮೆ ಮಾಡುವ ತಿರುಪು ಪೂರ್ತಿ ಹಿಂದಕ್ಕೆ ತಿರುಗಿರಬೇಕಂತೆ.

“ಹೇಳ್ಲೋ ಬ್ಯಾಡ್ವೋ?” ಎಂದಳು.

ಹೇಳಿದರೆ ಅಪ್ಪ ಅಮ್ಮನ ಎದುರು ಹುಡುಗನ ಮುಖಭಂಗ, ಸಂಬಂಧ ಅಲ್ಲಿಗೇ ಮುಗಿಯಬಹುದು. ಹೇಳದಿದ್ದರೆ ಮಗಳಿಗೆ ಏನೂ ಬರುವುದಿಲ್ಲ ಎಂದಾಗುತ್ತದೆ. ನನಗೆ ಬಹಳ ಯೋಚನೆ ಬೇಕಾಗಲಿಲ್ಲ.

“ಗೊತ್ತಿದ್ದೂ ಸುಮ್ನಿರಲಿ ಅಂತ ನಿನ್ನ ಓದಿಸಿಲ್ಲ” ಎಂದೆ.

ಮಗಳು ಲೋಟ ಕೆಳಗಿಟ್ಟು ಕಂಪ್ಯೂಟರಿನ ಹತ್ತಿರ ಹೋದಳು. ಹುಡುಗನಿಗೆ ಪೆಟ್ಟಿಗೆಯ ಮೇಲೆ ಮಿಣುಕುತ್ತಿದ್ದ ಸಣ್ಣ ಕೆಂಪು ದೀಪ ತೋರಿಸಿ, “ಡಿಸ್ಕ್ ಹೋಗಿದ್ರೆ ಇದು ಯಾಕ್ರಿ ಹಿಂಗೆ ಮಿಣುಕ್ತೈತೆ?” ಎಂದಳು.

ಹುಡುಗ ಬಗ್ಗಿ ದೀಪ ನೋಡಿದ. ಅವಳ ಮುಖ ನೋಡಿದ. ಮತ್ತೆ ದೀಪ ನೋಡಿದ.

“ನಂಗೆ ಗೊತ್ತಿಲ್ರಿ. ನೀವೇ ನೋಡ್ರಿ” ಎಂದು ಪಕ್ಕಕ್ಕೆ ಸರಿದು ನಿಂತ.

ಅವಳು ತಿರುಪು ತಿರುಗಿಸಿದಳು. ಪರದೆಗೆ ಬೆಳಗಾಯಿತು. ಎಲ್ಲ ಚಿತ್ರಗಳೂ ಆಗಲೇ ಸಾಲಾಗಿ ಬಂದು ನಮಗಾಗಿ ಕಾಯುತ್ತಿದ್ದವು. ಹುಡುಗನ ತಂದೆ ಹೊಟ್ಟೆ ಹಿಡಿದುಕೊಂಡು ನಕ್ಕರು, ತಾಯಿ ನಗಲಿಲ್ಲ. ಹೋಗಿ ತಿಳಿಸುತ್ತೇವೆ ಎಂದಷ್ಟೇ ಹೇಳಿ ಹೊರಟರು.

ನಿನ್ನ ಮಗಳು ಹುಡುಗನ ಮರ್ಯಾದೆ ಕಳೆದಳು, ಇನ್ನು ಹರಿಹರದಿಂದ ಫೋನು ಬಂದ ಹಾಗೆಯೇ ಎಂದರು ಯಜಮಾನರು. ಕಳೆದದ್ದು ಹಾರ್ಡ್ ಡಿಸ್ಕಿನ ಮೇಲಿದ್ದ ಅಪವಾದ ಎಂದೆ. ಅಂದರೂ, ಮಾರನೆಯ ದಿನ ಫೋನಿನ ಹತ್ತಿರವೇ ಕೂತು ಹೆಸರುಕಾಳು ಆರಿಸಿದೆ. ಆರಿಸಿದ್ದನ್ನೇ ಮತ್ತೆ ಆರಿಸಿದೆ. ಸಂಜೆ ಗಂಟೆ ಬಾರಿಸಿತು. ಹುಡುಗನ ತಂದೆ.

“ಅಕ್ಕಾರೆ, ನಾವೇನೋ ಒಪ್ಪೀವಿ, ಹುಡುಗನ ಅಮ್ಮನೂ ಒಪ್ಯಾಳೆ. ಆದ್ರೆ ನಮ್ಮ ಹುಡುಗ ನಿನ್ನೆಯಿಂದ ಒಂದೇ ಸಮ ಕೇಳ್ತಾನೆ, ತಾನು ಪಾಸೋ ಫೇಲೋ ಅಂತ. ಹುಡುಗೀನ ಕೇಳಿ ಹೇಳ್ರಿ.”

ನಾನು ರಿಸೀವರಿಗೆ ಕೈ ಮುಚ್ಚಿ ಮಗಳನ್ನು ಕೇಳಿದೆ. ಅವಳು ಕಂಪ್ಯೂಟರಿನಿಂದ ತಲೆ ಎತ್ತದೆ, “ಹಾರ್ಡ್‌ವೇರ್‌ನಲ್ಲಿ ಫೇಲು. ಗೊತ್ತಿಲ್ಲ ಅಂತ ಒಪ್ಕೊಂಡಿದ್ದಕ್ಕೆ ಗ್ರೇಸ್ ಮಾರ್ಕ್ಸ್ ಹಾಕಿ ಪಾಸ್ ಮಾಡಮ್ಮ” ಎಂದಳು.

ಒಂದಕ್ಷರ ಬಿಡದೆ ಹಾಗೆಯೇ ಹೇಳಿದೆ. ಆ ಕಡೆ ಅವರು ಮನೆಯೊಳಗೆ ತಿರುಗಿ, ಪಾಸಂತೆ ಕಣಪ್ಪ ಎಂದು ಕೂಗಿದ್ದು ಕೇಳಿಸಿತು. ಹಿಂದೆಯೇ ಹುಡುಗನ ದನಿ ಬಂತು:

“ಯಾವ ಕ್ಲಾಸು ಅಂತ ಕೇಳಪ್ಪ.”