ಸ್ವೆಟರಿನ ಹಿಂಬದಿ

ನನಗೊಂದು ಕೆಟ್ಟ ಚಟವಿದೆ. ಯಾರ ಮನೆಗೆ ಹೋದರೂ, ಅವರು ಕಾಫಿ ತರಲು ಒಳಗೆ ಹೋದೊಡನೆ ದಿಂಬಿನ ಕವರನ್ನೋ ಟೇಬಲ್ ಕ್ಲಾತನ್ನೋ ಮಗುಚಿ ಅದರ ಹಿಂಬದಿ ನೋಡುತ್ತೇನೆ. ಮುಂದೆ ನವಿಲು ಗರಿಬಿಚ್ಚಿ ನಿಂತಿರುತ್ತದೆ, ಹಿಂದೆ ನೋಡಿದರೆ ಬರೀ ಗಂಟುಗಳು. ಮನಸ್ಸಿನಲ್ಲೇ ಮನೆಯೊಡತಿಗೆ ಇಷ್ಟು ಮಾರ್ಕ್ಸು ಎಂದು ಹಾಕಿ, ಏನೂ ಅರಿಯದವಳಂತೆ ಕಾಫಿ ಕುಡಿದು ಬರುತ್ತೇನೆ. ಇದಕ್ಕೆಲ್ಲ ಕಾರಣ ಧಾರವಾಡದಲ್ಲಿ ನನಗೆ ಕಸೂತಿ ಕಲಿಸಿದ ಸೋದರತ್ತೆ. "ಮುಂದ ಹ್ಯಾಂಗದನೋ ಹಿಂದನೂ ಹಂಗ ಇರಬೇಕು. ಗಂಟು ಕಂಡ್ರ ಎಲ್ಲಾ ಬಿಚ್ಚು" ಎನ್ನುತ್ತಿದ್ದಳು. ನಾನು ಹಾಕಿದ ಗೋಪುರ, ತೇರು, ಆನೆಗಳ ಮುಂಭಾಗವನ್ನು ಆಕೆ ಒಮ್ಮೆಯಾದರೂ ನೋಡಿದ್ದು ನೆನಪಿಲ್ಲ.

ಮದುವೆಯಾಗಿ ಮೆಲ್ಬರ್ನಿಗೆ ಬಂದು, ಅಲ್ಲಿನ ಬಡಾವಣೆ ಕ್ಲೈಡ್ ನಾರ್ತ್‌ನಲ್ಲಿ ಮಾರ್ಟ್‌ಗೇಜ್ ಸಾಲ ಮಾಡಿ ಮನೆ ಕಟ್ಟಿಸಿದರೂ ಚಟ ಬಿಡಲಿಲ್ಲ. ಮಗಳು ಅನಘಾಳನ್ನೂ ಹಾಗೇ ಬೆಳೆಸಿದೆ. ಅವಳ ಬ್ಯಾಗು, ಅವಳ ಗೆಳತಿಯರು, ಗೆಳತಿಯರ ಅಮ್ಮಂದಿರು, ಯಾವುದನ್ನೂ ಯಾರನ್ನೂ ಮಗುಚಿ ನೋಡದೆ ಬಿಟ್ಟವಳಲ್ಲ. ಹೋದ ವರ್ಷ ಅವಳಿಗೆ ನಾರ್ತ್ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು. ಹೋಗಿಯೇಬಿಟ್ಟಳು. ಬೆಳಿಗ್ಗೆ ತಿಂಡಿಗೊಂದು, ಮಧ್ಯಾಹ್ನ ಊಟಕ್ಕೊಂದು, ಸಂಜೆ ಮನೆ ಮುಟ್ಟಿದಳೋ ಇಲ್ಲವೋ ಎಂದೊಂದು ಫೋನ್ ಮಾಡತೊಡಗಿದೆ. ನಾನು ಕನ್ನಡದಲ್ಲಿ ನಾಲ್ಕು ಪ್ರಶ್ನೆ ಕೇಳಿದರೆ ಅವಳು ಇಂಗ್ಲಿಷಿನಲ್ಲಿ "ಆಲ್ ಗುಡ್, ಅಮ್ಮಾ" ಎಂದು ಒಂದೇ ಉತ್ತರ ಕೊಡುತ್ತಿದ್ದಳು. ಮನೆಯಿಂದಲೇ ಆಫೀಸಿನ ಮೀಟಿಂಗ್ ನಡೆಸುತ್ತಿದ್ದ ನನ್ನ ಯಜಮಾನರು, ಅವರು ಮೈಸೂರಿನವರು, ಮ್ಯೂಟ್ ಒತ್ತಿ ಮೆಲ್ಲಗೆ ಹೇಳಿದರು: "ಏನಾದ್ರೂ ಹಾಬಿ ಇಟ್ಕೊಳೇ. ಇಲ್ಲಾಂದ್ರೆ ಅವಳು ನಂಬರ್ ಬದಲಾಯಿಸಿಬಿಡ್ತಾಳೆ."

ಹೀಗೆ ನಾನು ನಮ್ಮ ಸಬರ್ಬಿನ ಲೈಬ್ರರಿಯ ಹೆಣಿಗೆ ಗುಂಪಿಗೆ ಸೇರಿದೆ. ಅಲ್ಲಿ ಕಲಿಸುವಾಕೆ ಹೆಲೆನ್, ನನಗಿಂತ ಹಿರಿಯಳು, ಎಲ್ಲರನ್ನೂ "ಲವ್" ಎಂದೇ ಕರೆಯುವವಳು. ಒಂದು ಬಣ್ಣದ ಸ್ಕಾರ್ಫ್ ಮುಗಿಸಿ, ಎರಡು ಬಣ್ಣದ ಪಟ್ಟೆ ಮುಗಿಸಿ, ಒಂದೇ ಸಾಲಿನಲ್ಲಿ ಎರಡು ಬಣ್ಣ ಹೆಣೆಯುವ ವಿದ್ಯೆಗೆ ಬಂದೆ. ಕೇಳಲು ಸುಲಭ. ಎರಡೂ ದಾರಗಳು ಕೈಯಲ್ಲಿರುತ್ತವೆ. ಒಂದು ಮುಂದೆ ಚಿತ್ರ ಮೂಡಿಸುವಾಗ ಇನ್ನೊಂದು ಹಿಂದಿನಿಂದ ಸುಮ್ಮನೆ ದಾಟಿಕೊಂಡು ಹೋಗುತ್ತದೆ, ತನ್ನ ಸರದಿ ಬಂದಾಗ ಮುಂದೆ ಬರುತ್ತದೆ. ವಿನ್ಯಾಸ ಬರೆದುಕೊಳ್ಳಲು ಹೆಲೆನ್ ಕೊಟ್ಟ ಚೌಕುಳಿ ಕಾಗದ ನೋಡಿ ನನಗೆ ತವರಿಗೆ ಹೋದಷ್ಟು ಸಂತೋಷವಾಯಿತು; ಕಸೂತಿಯೂ ಹೀಗೇ ಎಣಿಸಿ ಹಾಕುವುದು. ಅದೇ ಚೌಕುಳಿಯ ಮೇಲೆ ನಮ್ಮ ಕಸೂತಿಯ ಗೋಪುರ ಬರೆದುಕೊಂಡೆ. ಕಡುನೀಲಿ ಮೇಲೆ ಅರಿಶಿನ ಬಣ್ಣದ ಗೋಪುರಗಳು, ಮೈತುಂಬ, ಅನಘಾಳಿಗೊಂದು ಸ್ವೆಟರ್. ಮೊದಲು ಟೋಪಿ ಹೆಣೆದು ಕೈ ಪಳಗಿಸಿಕೋ ಎಂದು ಹೆಲೆನ್ ಹೇಳಿದಳು. ಟೋಪಿಗೆ ಯಾರು ಸಿಡ್ನಿಯಿಂದ ವಾಪಸ್ಸು ಬರುತ್ತಾರೆ?

ಹೌದು, ನನ್ನ ಹಂಚಿಕೆ ಇದ್ದದ್ದೇ ಅದು. ಅನಘಾಳ ಕಂಪನಿಗೆ ಮೆಲ್ಬರ್ನಿನಲ್ಲೂ ಆಫೀಸಿದೆ. ಸ್ವೆಟರ್ ತೆಗೆದುಕೊಂಡು ಹೋಗುವುದು, ತೊಡಿಸುವುದು, ಅವಳ ಮನಸ್ಸು ಕರಗಿದ ಗಳಿಗೆ ನೋಡಿ ಟ್ರಾನ್ಸ್‌ಫರ್ ಮಾತು ತೆಗೆಯುವುದು.

ಒಂದಿಷ್ಟು ಹೆಣೆದ ಮೇಲೆ ಹಿಂಬದಿ ನೋಡಿದೆ. ಅಲ್ಲೆಲ್ಲ ದಾರಗಳು ಜೋಲುತ್ತಿದ್ದವು. ಸೋದರತ್ತೆ ಇದ್ದಿದ್ದರೆ ಆ ಸೂಜಿಯಿಂದಲೇ ಕೈಗೆ ಚುಚ್ಚುತ್ತಿದ್ದಳು. ಅಲ್ಲಿಂದಾಚೆಗೆ ಪ್ರತಿ ದಾರವನ್ನೂ ಎಳೆದು ಬಿಗಿದು ಕೂರಿಸಿದೆ. ಹೆಲೆನ್ ಬಂದು ಮಗುಚಿ ನೋಡಿ, ತಲೆಯಾಡಿಸಿ, "ಟೂ ಟೈಡಿ, ಲವ್. ಕೀಪ್ ಇಟ್ ಲೂಸ್" ಎಂದಳು. ಚೊಕ್ಕಟವಾಗಿದೆ ಎಂದು ಬೈಸಿಕೊಂಡದ್ದು ಅದೇ ಮೊದಲು. ಪಾಪ, ಕಸೂತಿ ಕಾಣದವಳು ಎಂದುಕೊಂಡು ಇನ್ನೂ ಒಂದಿಷ್ಟು ಬಿಗಿದೆ.

ಸಿಡ್ನಿಯಲ್ಲಿ ಅನಘಾ ಇನ್ನಿಬ್ಬರು ಹುಡುಗಿಯರ ಜೊತೆ ಒಂದು ಫ್ಲ್ಯಾಟನ್ನು ರೆಂಟಿಗೆ ಹಿಡಿದಿದ್ದಾಳೆ. ಸ್ವೆಟರ್ ಮುಗಿಸಿಕೊಂಡು ನಾನು ಹೋದ ದಿನ ಅವರಿಬ್ಬರೂ ಹೊರಗಿದ್ದರು. ಸ್ವೆಟರ್ ಬಿಡಿಸಿ ತೋರಿಸಿದೆ. "ಓ ಅಮ್ಮಾ, ಇಟ್ಸ್ ಗಾರ್ಜಿಯಸ್" ಎಂದು ಕೈಗಳನ್ನು ಮೇಲೆತ್ತಿ ತಲೆ ತೂರಿಸಿದಳು. ಭುಜದವರೆಗೆ ಹೋಯಿತು. ಅಲ್ಲಿಗೆ ನಿಂತಿತು. ನಾನು ಕೆಳಗೆ ಎಳೆದೆ, ಅವಳು ಒಳಗೆ ಮಿಸುಕಾಡಿದಳು. ಸ್ವೆಟರ್ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಹಿಂದಿನ ದಾರ ಅಷ್ಟು ಬಿಗಿದ ಮೇಲೆ ಉಣ್ಣೆ ಹಿಗ್ಗುವುದಾದರೂ ಹೇಗೆ? ಎರಡು ಕೈಗಳು ಮೇಲೆ, ಮುಖವೇ ಇಲ್ಲ, ನಡುವೆ ನನ್ನ ಗೋಪುರಗಳು. ಒಳಗಿನಿಂದ ದನಿ ಬಂತು: "ಅಮ್ಮಾ, ಉಸಿರು ಕಟ್ಟಾಕತ್ತದ. ತಗಿ ಇದನ್ನ."

ಕನ್ನಡ! ಅದೂ ಧಾರವಾಡದ್ದು! ಎಷ್ಟು ವರ್ಷವಾಗಿತ್ತು ಅದನ್ನು ಅವಳ ಬಾಯಲ್ಲಿ ಕೇಳಿ. ಸುಳ್ಳು ಹೇಳಬಾರದು, ಇನ್ನೊಂದು ಮಾತು ಬರಲಿ ಎಂದು ಒಂದು ಕ್ಷಣ ಕೈ ತಡೆದು ನಿಂತೆ. ಆಮೇಲೆ ಹೇಗೋ ಎಳೆದು ತೆಗೆದೆ. ಕೂದಲೆಲ್ಲ ಕೆದರಿ, ಮುಖ ಕೆಂಪಾಗಿತ್ತು. ಇಬ್ಬರೂ ಸೋಫಾದಲ್ಲಿ ಬಿದ್ದು ನಕ್ಕೆವು.

ಬಿಚ್ಚುವುದೊಂದೇ ದಾರಿ. ನಾನು ಬಿಚ್ಚುತ್ತ ಹೋದೆ, ಅವಳು ಎದುರು ಕೂತು ಉಂಡೆ ಸುತ್ತುತ್ತ ಹೋದಳು. ಬಿಗಿದ ದಾರ ಅಲ್ಲಲ್ಲಿ ಸಿಕ್ಕಾಗಿ, ನನ್ನ ಗಮನವೆಲ್ಲ ಅದರ ಮೇಲಿದ್ದುದರಿಂದ ಪ್ರಶ್ನೆ ಕೇಳುವುದಕ್ಕೆ ಪುರಸೊತ್ತಾಗಲಿಲ್ಲ. ಯಾರೂ ಕೇಳದಿದ್ದಾಗ ಅವಳೇ ಮಾತಾಡತೊಡಗಿದಳು. ಶುರುವಿನಲ್ಲಿ ಆಫೀಸಿನಲ್ಲಿ ಒಬ್ಬಳೇ ಕೂತು ಊಟ ಮಾಡುತ್ತಿದ್ದದ್ದು, ಬಾತ್‌ರೂಮಿನಲ್ಲಿ ಅತ್ತದ್ದು, ಈಗ ಗೆಳತಿಯರು ಆಗಿರುವುದು, ಭಾನುವಾರ ಅವರಿಗೆಲ್ಲ ತಾನೇ ಉಪ್ಪಿಟ್ಟು ಮಾಡಿಹಾಕುವುದು. ಅವಳು ಅತ್ತ ದಿನಗಳಲ್ಲೂ ನಾನು ದಿನಕ್ಕೆ ಮೂರು ಸಲ ಫೋನ್ ಮಾಡಿದ್ದೆ. ಮೂರು ಸಲವೂ ಆಲ್ ಗುಡ್ ಎಂದಿದ್ದಳು. ನನಗೆ ತುಂಬ ದುಃಖವಾಯಿತು.

"ನೀನು ಟ್ರಾನ್ಸ್‌ಫರ್ ಬಗ್ಗೆ ಕೇಳೋಕೇ ಬಂದಿದ್ದು ತಾನೇ? ಅಪ್ಪ ಟೋಲ್ಡ್ ಮಿ" ಎಂದಳು, ಉಂಡೆಯಿಂದ ಕಣ್ಣೆತ್ತದೆ. "ಐ ಲೈಕ್ ಇಟ್ ಹಿಯರ್, ಅಮ್ಮಾ."

ಈ ಮನುಷ್ಯನ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ. ವಿಮಾನದಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಭಾಷಣ ಗಂಟಲಿನವರೆಗೆ ಬಂತು. ಮಡಿಲಲ್ಲಿ ಅರ್ಧ ಬಿಚ್ಚಿದ ಸ್ವೆಟರಿತ್ತು. "ಇಲ್ಲೇ ಇರವ್ವಾ" ಎಂದೆ. ಅವಳು ಎದ್ದು ಬಂದು ನನ್ನ ಪಕ್ಕ ಕೂತಳು.

ಮೆಲ್ಬರ್ನಿಗೆ ಮರಳಿ ಹೊಸದಾಗಿ ಶುರು ಮಾಡಿದೆ. ಇದರಲ್ಲೇನೋ ಜೀವನದ ಪಾಠ ಇದೆ ಎಂದು ನಿಮಗೂ ಅನ್ನಿಸಿರಬಹುದು; ನಮ್ಮ ಯಜಮಾನರು ಆಗಲೇ ಅದನ್ನು ವಿವರಿಸಿದ್ದಾರೆ, ನಾನು ಕುಕ್ಕರ್ ಕೂಗಿಸಿ ತಪ್ಪಿಸಿಕೊಂಡೆ. ದಾರ ಸಡಿಲ ಬಿಟ್ಟು ಸ್ವೆಟರ್ ಮುಗಿಸಿ ಪೋಸ್ಟ್ ಮಾಡಿದೆ. ಫೋನ್ ಮಾತ್ರ ಮಾಡಲಿಲ್ಲ. ಅದಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು.

ಕೊನೆಗೆ ಅವಳೇ ಮಾಡಿದಳು. "ಅಮ್ಮಾ, ಒಳಗಡೆ ದಾರ ಟೂ ಲೂಸ್. ಪ್ರತಿ ಸಲ ಹಾಕ್ಕೊಳ್ಳುವಾಗ ಬೆರಳು ಸಿಕ್ಕೊಳ್ಳತ್ತೆ."

ಪ್ರತಿ ಸಲ! ಎಂದರೆ ಹಾಕಿಕೊಳ್ಳುತ್ತಿದ್ದಾಳೆ. "ಸಿಕ್ಕೊಳ್ಳಲಿ ಬಿಡು" ಎಂದು ಬಹಳ ಉದಾರವಾಗಿ ಹೇಳಿ ಫೋನ್ ಇಟ್ಟೆ. ನೋಡಿದಿರಾ, ನಾನು ಹೇಗೆ ಬದಲಾಗಿಬಿಟ್ಟೆ ಎಂದು ಯಜಮಾನರ ಮುಂದೆ ಬೀಗಿದೆ. ಅವರು ತಮ್ಮ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಆಫೀಸಿನ ಕಡತಗಳ ನಡುವೆ ನಾನು ಬೆಳಿಗ್ಗೆ ತೆರೆದು ಮುಚ್ಚಲು ಮರೆತಿದ್ದ ಪುಟ ಹಾಗೇ ಇತ್ತು: ಅನಘಾಳ ಬೀದಿಯಲ್ಲೇ ಖಾಲಿ ಇರುವ ಬಾಡಿಗೆ ಮನೆಗಳು, ಎರಡು ಬೆಡ್‌ರೂಮು.